ಪದಗಳು ಗೊತ್ತು, ವಾಕ್ಯ ಬರುತ್ತಿಲ್ಲ: ಐದನೇ ಕ್ಲಾಸಿನ ಮಗಳ ಇಂಗ್ಲಿಷ್ ಬಗ್ಗೆ

ಪ್ರಶ್ನೆ: ನಾವು ಆಲೂರು ತಾಲ್ಲೂಕಿನವರು. ಮಗಳು ಹಾಸನದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಐದನೇ ಕ್ಲಾಸು. ಸ್ಪೆಲ್ಲಿಂಗ್ ಚೆನ್ನಾಗಿದೆ. ನೋಟ್ಸಿನ ಉತ್ತರಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತರುತ್ತಾಳೆ. ಆದರೆ ಬೇಸಿಗೆ ರಜೆಯಲ್ಲಿ ಏನು ಮಾಡಿದೆ ಎಂದು ಸ್ವಂತವಾಗಿ ಬರೆಯಲು ಹೇಳಿದಾಗ ಹೀಗೆ ಬರೆದಿದ್ದಾಳೆ: ‘ಹಾಲಿಡೇ ಗ್ರ್ಯಾಂಡ್‌ಮದರ್ ಹೌಸ್ ವೆಂಟ್. ಮೈ ಬ್ರದರ್ ವೆರಿ ನಾಟಿ. ಫಾದರ್ ಡಿಡ್ ನಾಟ್ ಕೇಮ್. ಬಿಕಾಸ್ ಎಸ್ಟೇಟ್ ವರ್ಕ್. ಈವ್ನಿಂಗ್ ರೈನ್ ಈಸ್ ಕಮಿಂಗ್. ವಿ ಹೌಸ್ ಗೋಯಿಂಗ್ ಬಜ್ಜಿ ಈಟಿಂಗ್ ಸ್ಲೆಪ್ಟ್.’ ಪುಟದ ತುಂಬಾ ಕೆಂಪು ಗೆರೆ. ಮನೆಗೆ ಬಂದು ಅತ್ತಳು. ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಶಾಲೆಯವರು ಹೇಳುತ್ತಾರೆ. ಟ್ಯೂಷನ್‌ನಲ್ಲಿ ಟೆನ್ಸ್ ಟೇಬಲ್ ಉರು ಹೊಡೆಸುತ್ತಿದ್ದಾರೆ. ಶಾಲೆ ಬದಲಿಸಬೇಕಾ? ನಾನು ಪಿಯುಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ನಾನು ಹೇಳಿಕೊಟ್ಟರೆ ನನ್ನ ತಪ್ಪು ಇಂಗ್ಲಿಷ್ ಅವಳಿಗೂ ಅಂಟಿಕೊಳ್ಳುತ್ತದೆಯಾ?

ಉತ್ತರ: ನಿಮ್ಮ ಮಗಳ ಸಾಲುಗಳನ್ನು ನಿಧಾನವಾಗಿ ಓದಿದೆ. ಅವಳು ಎಲ್ಲಿಗೆ ಹೋದಳು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ, ಸಂಜೆ ಏನಾಯಿತು, ಎಲ್ಲವೂ ಅರ್ಥವಾಯಿತು. ಹತ್ತು ವರ್ಷದ ಮಗು ತನ್ನ ರಜೆಯ ಕಥೆಯನ್ನು ಮನೆಯಲ್ಲಿ ಆಡದ ಭಾಷೆಯಲ್ಲಿ ನಮಗೆ ಮುಟ್ಟಿಸಿದೆ. ಹಾಸನ, ಬೇಲೂರು, ಸಕಲೇಶಪುರದ ಕಡೆ ಇಂಗ್ಲಿಷ್ ಕಲಿಸುತ್ತಾ, ಶಿಕ್ಷಕರ ಜೊತೆ ಕೆಲಸ ಮಾಡುತ್ತಾ ಇಂಥ ಪುಟಗಳನ್ನು ತುಂಬಾ ನೋಡಿದ್ದೇನೆ. ಇಂಥ ಪುಟ ನನಗೆ ಭಯ ಹುಟ್ಟಿಸುವುದಿಲ್ಲ. ತಪ್ಪೇ ಇಲ್ಲದ ನೋಟ್ಸು ಇದ್ದು, ಮಗುವಿನ ಸ್ವಂತ ವಾಕ್ಯ ಒಂದೂ ಇಲ್ಲದ ಪುಸ್ತಕ ನೋಡಿದರೆ ಚಿಂತೆಯಾಗುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತವೆ. ಪದ, ಸ್ಪೆಲ್ಲಿಂಗ್, ಅಂಕ ಎಲ್ಲ ಇದ್ದೂ ವಾಕ್ಯ ಯಾಕೆ ಬರುತ್ತಿಲ್ಲ ಎನ್ನುವುದು ಒಂದು. ಇದಕ್ಕೆ ಮನೆಯ ಕನ್ನಡ, ಅಂದರೆ ನೀವೇ, ಕಾರಣವಾ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಈಗಲೇ ಹೇಳುತ್ತೇನೆ: ಅಲ್ಲ. ಮೊದಲನೆಯದಕ್ಕೆ ಸ್ವಲ್ಪ ವಿವರ ಬೇಕು.

ಅವಳು ಇಷ್ಟು ದಿನ ಇಂಗ್ಲಿಷಿನಲ್ಲಿ ಬರೆದಿದ್ದಾದರೂ ಏನು? ಪಾಠ ಮುಗಿದ ಮೇಲೆ ಟೀಚರ್ ಬೋರ್ಡಿನಲ್ಲಿ ಉತ್ತರ ಬರೆಯುತ್ತಾರೆ. ಮಕ್ಕಳು ಇಳಿಸಿಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಅಲ್ಲಿ ಕೈ ಬರೆಯುತ್ತದೆ ನಿಜ. ಆದರೆ ಯಾವ ಪದ ಮೊದಲು, ಯಾವುದು ಆಮೇಲೆ ಎಂದು ಮಗು ಒಂದು ಸಲವೂ ತಾನೇ ನಿರ್ಧಾರ ಮಾಡಿರುವುದಿಲ್ಲ. ಐದು ವರ್ಷ ಹೀಗೆ ಕಳೆದ ಮಗುವಿಗೆ ದಿಢೀರನೆ ‘ಸ್ವಂತವಾಗಿ ಬರಿ’ ಎಂದರೆ ಅದು ನಿಜವಾಗಿ ಬರೆಯಲು ಶುರು ಮಾಡುವುದು ಅವತ್ತೇ. ಟೀಚರನ್ನು ದೂರಲು ಇದನ್ನು ಹೇಳುತ್ತಿಲ್ಲ. ಕ್ಲಾಸಿನ ತುಂಬಾ ಮಕ್ಕಳು, ಮುಗಿಸಲೇಬೇಕಾದ ಸಿಲಬಸ್. ನೋಟ್ಸು ನೀಟಾಗಿಲ್ಲ ಎಂದು ಶಾಲೆಗೆ ಹೋಗಿ ಕೇಳುವವರೂ ನಾವೇ ಅಲ್ವಾ?

ಇನ್ನು ಅವಳ ಸಾಲುಗಳಿಗೆ ಬರೋಣ. ಒಂದೊಂದು ತಪ್ಪಿಗೂ ಒಂದು ಕಾರಣ ಇದೆ. ಆ ಕಾರಣ ತಿಳಿದರೆ ತಿದ್ದುವುದು ಸುಲಭ.

‘ಗ್ರ್ಯಾಂಡ್‌ಮದರ್ ಹೌಸ್ ವೆಂಟ್.’ ಯಾರು ಹೋದದ್ದು? ಹೇಳಿಲ್ಲ. ಕನ್ನಡದಲ್ಲಿ ಹೇಳಬೇಕಾಗಿಯೂ ಇಲ್ಲ. ‘ಅಜ್ಜಿ ಮನೆಗೆ ಹೋದೆ’ ಎಂದರೆ ಆ ‘ಹೋದೆ’ಯಲ್ಲೇ ‘ನಾನು’ ಇದ್ದಾಳೆ. ಹೋದಳು, ಹೋದೆವು, ಹೋದರು ಎಂದು ಕ್ರಿಯಾಪದದ ಬಾಲವೇ ಯಾರೆಂದು ಹೇಳುತ್ತದೆ. ಇಂಗ್ಲಿಷಿನ ‘ವೆಂಟ್’ಗೆ ಆ ಬಾಲ ಇಲ್ಲ. ಐ ವೆಂಟ್, ಶಿ ವೆಂಟ್, ದೇ ವೆಂಟ್ ಎಲ್ಲಕ್ಕೂ ಅದೇ ‘ವೆಂಟ್’. ಅದಕ್ಕೇ ಅಲ್ಲಿ ಯಾರು ಎನ್ನುವುದನ್ನು ಬಿಡುವ ಹಾಗಿಲ್ಲ. ಕ್ರಿಯಾಪದವೂ ಕೊನೆಯವರೆಗೆ ಕಾಯುವುದಿಲ್ಲ. ‘ಯಾರು’ ಬಂದ ಹಿಂದೆಯೇ ಬಂದುಬಿಡಬೇಕು. ಎಲ್ಲಿಗೆ, ಯಾವಾಗ ಎಲ್ಲ ಆಮೇಲೆ. ‘ಐ ವೆಂಟ್ ಟು ಮೈ ಗ್ರ್ಯಾಂಡ್‌ಮದರ್ಸ್ ಹೌಸ್.’

‘ಮೈ ಬ್ರದರ್ ವೆರಿ ನಾಟಿ.’ ಕನ್ನಡದಲ್ಲಿ ‘ನನ್ನ ತಮ್ಮ ತುಂಬಾ ತುಂಟ’ ಪೂರ್ತಿ ವಾಕ್ಯ. ಅಲ್ಲಿ ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ ಅದೇ ಮಾತಿಗೆ ‘ಈಸ್’ ಬೇಕೇಬೇಕು. ಮಗು ಏನನ್ನೋ ಮರೆತಿದೆ ಎಂದು ನಮಗೆ ಅನಿಸುತ್ತದೆ. ನಿಜವಾಗಿ ಅಲ್ಲೊಂದು ಪದ ಬೇಕು ಎಂಬುದೇ ಅದಕ್ಕೆ ಇನ್ನೂ ಅನಿಸಿಲ್ಲ.

‘ಫಾದರ್ ಡಿಡ್ ನಾಟ್ ಕೇಮ್.’ ಇಲ್ಲಿ ಕನ್ನಡವೇ ಸಹಾಯಕ್ಕೆ ಬರುತ್ತದೆ. ನಾವು ‘ಅಪ್ಪ ಬಂದರು’ ಅನ್ನುತ್ತೇವೆ. ಬಾರದಿದ್ದರೆ ‘ಅಪ್ಪ ಬಂದರು ಇಲ್ಲ’ ಅನ್ನುತ್ತೇವಾ? ‘ಬರಲಿಲ್ಲ’ ಅನ್ನುತ್ತೇವೆ. ‘ಇಲ್ಲ’ ಸೇರಿದ ಕೂಡಲೇ ‘ಬಂದರು’ ತನ್ನ ಹಳೆಯ ರೂಪ ಬಿಟ್ಟು ‘ಬರಲು’ ಆಯಿತು. ಇಂಗ್ಲಿಷಿನಲ್ಲೂ ಹಾಗೆಯೇ. ‘ಡಿಡ್ ನಾಟ್’ ಸೇರಿದ ಕೂಡಲೇ ‘ಕೇಮ್’ ಹೋಗಿ ‘ಕಮ್’ ಆಗುತ್ತದೆ. ಟೆನ್ಸ್ ಟೇಬಲ್‌ನಲ್ಲಿ ತಿಂಗಳುಗಟ್ಟಲೆ ಹತ್ತದ ಈ ವಿಷಯ, ಕನ್ನಡದ ಈ ಜೋಡಿಯನ್ನು ಪಕ್ಕದಲ್ಲಿ ಬರೆದು ತೋರಿಸಿದಾಗ ಎಷ್ಟೋ ಮಕ್ಕಳಿಗೆ ತಟ್ಟನೆ ಹೊಳೆದಿದ್ದನ್ನು ನೋಡಿದ್ದೇನೆ. ಇದನ್ನು ನಿಮಗಿಂತ ಚೆನ್ನಾಗಿ ಯಾರು ಹೇಳಿಕೊಡಲು ಸಾಧ್ಯ?

‘ಬಿಕಾಸ್ ಎಸ್ಟೇಟ್ ವರ್ಕ್.’ ಕನ್ನಡದಲ್ಲಿ ‘ಅಪ್ಪ ಬರಲಿಲ್ಲ. ಯಾಕೆಂದರೆ ತೋಟದಲ್ಲಿ ಕೆಲಸ ಇತ್ತು’ ಎಂದು ನಡುವೆ ಚುಕ್ಕಿ ಇಟ್ಟು ಬರೆದರೆ ಯಾರೂ ತಪ್ಪು ಅನ್ನುವುದಿಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ‘ಬಿಕಾಸ್’ನಿಂದ ಶುರುವಾದ ತುಂಡು ಒಂದೇ ನಿಲ್ಲುವುದಿಲ್ಲ. ಹಿಂದಿನ ಮಾತಿಗೆ ಅಂಟಿಕೊಳ್ಳಬೇಕು: ‘ಮೈ ಫಾದರ್ ಡಿಡ್ ನಾಟ್ ಕಮ್ ಬಿಕಾಸ್ ಹಿ ಹ್ಯಾಡ್ ವರ್ಕ್ ಇನ್ ದಿ ಎಸ್ಟೇಟ್.’ ಹಾಗಂತ ‘ಬಿಕಾಸ್‌ನಿಂದ ವಾಕ್ಯ ಶುರು ಮಾಡಲೇಬಾರದು’ ಎಂದು ಕೆಲವು ಕಡೆ ಹೇಳಿಕೊಡುವುದೂ ಸರಿಯಲ್ಲ. ‘ಬಿಕಾಸ್ ಇಟ್ ರೇನ್ಡ್, ವಿ ಸ್ಟೇಯ್ಡ್ ಅಟ್ ಹೋಮ್’ ಒಳ್ಳೆಯ ಇಂಗ್ಲಿಷ್ ವಾಕ್ಯ. ಕಾರಣದ ಜೊತೆ ಮುಖ್ಯ ಮಾತೂ ಅದೇ ವಾಕ್ಯದಲ್ಲಿ ಇರಬೇಕು, ಅಷ್ಟೇ.

‘ರೈನ್ ಈಸ್ ಕಮಿಂಗ್.’ ನಮ್ಮ ಕಡೆ ಮಳೆ ಬರುತ್ತದೆ. ಇಂಗ್ಲಿಷಿನವರು ‘ಇಟ್ ಈಸ್ ರೇನಿಂಗ್’ ಅನ್ನುತ್ತಾರೆ. ಆ ‘ಇಟ್’ ಯಾವುದು ಎಂದು ಮಕ್ಕಳು ಕೇಳಿದರೆ, ಯಾವುದೂ ಅಲ್ಲ ಎಂದೇ ಹೇಳಿ. ಇಂಗ್ಲಿಷ್ ವಾಕ್ಯದಲ್ಲಿ ‘ಯಾರು’ ಎಂಬ ಜಾಗ ಖಾಲಿ ಇರಬಾರದು, ಅದನ್ನು ತುಂಬಲು ಸುಮ್ನೆ ಒಂದು ‘ಇಟ್’ ಹಾಕುತ್ತಾರೆ ಎಂದರೆ ಸಾಕು.

ಕೊನೆಯ ಸಾಲು ನನಗೆ ತುಂಬಾ ಇಷ್ಟವಾಯಿತು. ‘ವಿ ಹೌಸ್ ಗೋಯಿಂಗ್ ಬಜ್ಜಿ ಈಟಿಂಗ್ ಸ್ಲೆಪ್ಟ್.’ ಇದನ್ನು ಕನ್ನಡದಲ್ಲಿ ಹೇಳಿ ನೋಡಿ: ಮನೆಗೆ ಹೋಗಿ, ಬಜ್ಜಿ ತಿಂದು, ಮಲಗಿದೆವು. ಎಷ್ಟು ಚಂದದ ವಾಕ್ಯ! ಕನ್ನಡದಲ್ಲಿ ಕೊನೆಯ ‘ಮಲಗಿದೆವು’ ಒಂದೇ ಕಾಲವನ್ನೂ ಯಾರೆಂಬುದನ್ನೂ ಹೊರುತ್ತದೆ. ಹೋಗಿ, ತಿಂದು ಸುಮ್ಮನೆ ಅದರ ಹಿಂದೆ ಬರುತ್ತವೆ. ನಿಮ್ಮ ಮಗಳು ಆ ‘ಹೋಗಿ’, ‘ತಿಂದು’ಗಳಿಗೆ ಇಂಗ್ಲಿಷಿನಲ್ಲಿ ಜಾಗ ಹುಡುಕಿ, ತನಗೆ ಗೊತ್ತಿದ್ದ ‘ಇಂಗ್’ ಸೇರಿಸಿದ್ದಾಳೆ. ಕೊನೆಯ ಕ್ರಿಯಾಪದಕ್ಕೆ ಮಾತ್ರ ಭೂತಕಾಲ ಕೊಟ್ಟಿದ್ದಾಳೆ. ತಪ್ಪಾದರೂ ಯೋಚನೆ ಮಾಡಿ ಮಾಡಿದ ತಪ್ಪು. ಇಂಗ್ಲಿಷಿನಲ್ಲಿ ಇಂಥ ಕಡೆ ಪ್ರತಿ ಕೆಲಸವೂ ತನ್ನ ಕಾಲವನ್ನು ತಾನೇ ಹೊರಬೇಕು ಎಂದು ತಿಳಿಸಿ: ‘ವಿ ವೆಂಟ್ ಹೋಮ್, ಏಟ್ ಬಜ್ಜಿ ಆ್ಯಂಡ್ ಸ್ಲೆಪ್ಟ್.’

ಕಲಿಯುವವರ ತಪ್ಪುಗಳನ್ನು ಹೀಗೆ ನೋಡಬೇಕು ಎಂದು ಬ್ರಿಟನ್ನಿನ ಭಾಷಾತಜ್ಞ ಪಿಟ್ ಕಾರ್ಡರ್ 1967ರಲ್ಲೇ ಬರೆದರು. ಮಗು ಈಗ ಯಾವ ನಿಯಮ ಇಟ್ಟುಕೊಂಡು ಬರೆಯುತ್ತಿದೆ ಎಂದು ತಪ್ಪು ತೋರಿಸಿಕೊಡುತ್ತದೆ. ಎಲ್ಲ ತಪ್ಪೂ ಕನ್ನಡದಿಂದಲೇ ಬರುತ್ತದೆ ಎಂದೂ ಅಲ್ಲ. ‘ಶಿ ಗೋಸ್’ ಬದಲು ‘ಶಿ ಗೋ’ ಎನ್ನುವುದನ್ನೇ ನೋಡಿ. ಕ್ರಿಯಾಪದಕ್ಕೆ ಬಾಲ ಹಚ್ಚುವುದರಲ್ಲಿ ಕನ್ನಡದ ಮಕ್ಕಳು ಪಳಗಿದವರು, ಆದರೂ ಆ ‘ಎಸ್’ ಬಿಟ್ಟು ಹೋಗುತ್ತದೆ. ಬೇರೆ ಬೇರೆ ಭಾಷೆಯ ಮಕ್ಕಳು ಇಂಗ್ಲಿಷ್ ಕಲಿಯುವಾಗಲೂ ಅದು ತಡವಾಗಿ ಕೂರುವ ಅಂಶ ಎಂದು 1970ರ ದಶಕದ ಅಧ್ಯಯನಗಳು ಕಂಡುಕೊಂಡವು. ‘ಎ’, ‘ದಿ’ ಸರಿಯಾಗಿ ಬೀಳಲು ಇನ್ನೂ ವರ್ಷಗಳು ಬೇಕು. ಐದನೇ ಕ್ಲಾಸಿನಲ್ಲಿ ಅದಕ್ಕಾಗಿ ಮಗುವನ್ನು ಅಳಿಸಬೇಡಿ.

ಹಾಗಾದರೆ ಈಗ ಏನನ್ನು ಕೇಳಬೇಕು? ಪ್ರತಿ ವಾಕ್ಯದಲ್ಲಿ ಯಾರು ಅಥವಾ ಯಾವುದು ಎನ್ನುವುದಿರಲಿ. ಅದು ಏನು ಮಾಡಿತು, ಹೇಗಿದೆ ಎಂದು ಹೇಳುವ ಕ್ರಿಯಾಪದ ಇರಲಿ. ಶುರುವಿನಲ್ಲಿ ದೊಡ್ಡಕ್ಷರ, ಕೊನೆಯಲ್ಲಿ ಚುಕ್ಕಿ. ಸದ್ಯಕ್ಕೆ ಇಷ್ಟು ಸಾಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ, ಆದ್ದರಿಂದ ಅದಕ್ಕೆ ಬೇರೆ ಅಭ್ಯಾಸ ಬೇಕು. ವಾಕ್ಯ ಉದ್ದ ಇದ್ದರೆ ಒಳ್ಳೆಯ ಇಂಗ್ಲಿಷ್ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ‘ಬರ್ಡ್ಸ್ ಫ್ಲೈ’ ಎರಡೇ ಪದ, ಪೂರ್ತಿ ವಾಕ್ಯ. ‘ವೆನ್ ಐ ವಾಸ್ ಕಮಿಂಗ್ ಹೋಮ್ ಫ್ರಮ್ ಸ್ಕೂಲ್ ವಿತ್ ಮೈ ಫ್ರೆಂಡ್ಸ್’ ಎಷ್ಟೇ ಉದ್ದ ಇದ್ದರೂ ಅರ್ಧ ಮಾತು. ಬರುತ್ತಿರುವಾಗ ಏನಾಯಿತು?

ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಸಲೀಸಾಗಿ ಬರುವ ಮನೆಯಲ್ಲಿ ಅದು ಬೇರೆ ಮಾತು. ಬಾರದ ಮನೆಯಲ್ಲಿ ಹಟದಿಂದ ಶುರು ಮಾಡಿದರೆ ಮಾತೇ ಕುಗ್ಗುತ್ತದೆ. ಕಮ್, ಈಟ್, ಗೋ ಸ್ಲೀಪ್. ರಾತ್ರಿ ತೋಟಕ್ಕೆ ಆನೆ ಬಂದದ್ದು ಹೇಗೆ, ಯಾರು ಮೊದಲು ನೋಡಿದರು, ಪಟಾಕಿ ಹೊಡೆದ ಮೇಲೆ ಯಾವ ಕಡೆ ಹೋಯಿತು, ಇದನ್ನೆಲ್ಲ ಮಗು ಹೇಳುವುದು ಯಾವ ಭಾಷೆಯಲ್ಲಿ? ಘಟನೆಯನ್ನು ಸಾಲಾಗಿ ಜೋಡಿಸುವುದು, ಕಾರಣ ಹೇಳುವುದು, ಕೇಳುವವರಿಗೆ ಏನು ಗೊತ್ತಿಲ್ಲ ಎಂದು ಊಹಿಸುವುದು ಬರವಣಿಗೆಯ ಬೇರು. ಒಂದು ಭಾಷೆಯಲ್ಲಿ ಗಟ್ಟಿಯಾದ ಇಂಥ ಶಕ್ತಿ ಇನ್ನೊಂದು ಭಾಷೆಗೂ ಒದಗುತ್ತದೆ ಎಂದು ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತಾ ಬಂದಿದ್ದಾರೆ. ನನ್ನ ಅನುಭವವೂ ಅದೇ. ಆದರೆ ಅದು ತಾನಾಗಿಯೇ ಆಗಿಬಿಡುವುದಿಲ್ಲ. ಇಂಗ್ಲಿಷನ್ನು ಕಿವಿಯಲ್ಲಿ ಕೇಳುವುದು, ಕಣ್ಣಲ್ಲಿ ಓದುವುದು ಬೇಕು. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುವುದುಂಟು. ಕನ್ನಡದ್ದನ್ನು ನೀವು ಓದಿ, ಇಂಗ್ಲಿಷಿನದನ್ನು ಅವಳು ಜೋರಾಗಿ ಓದಲಿ. ಪಾಠಪುಸ್ತಕಕ್ಕಿಂತ ಒಂದು ಮೆಟ್ಟಿಲು ಸುಲಭದ್ದನ್ನೇ ಆರಿಸಿ.

ದಿನಕ್ಕೆ ಕಾಲು ಗಂಟೆ ಕೊಡಲು ಆಗುತ್ತದೆಯಾ? ಆದರೆ ಹೀಗೆ ಮಾಡಿ. ಅವತ್ತು ಆದ ಒಂದು ಸಣ್ಣ ಸಂಗತಿಯನ್ನು ಅವಳು ಮೊದಲು ಕನ್ನಡದಲ್ಲಿ ಹೇಳಲಿ. ವ್ಯಾನ್ ಕೆಟ್ಟಿದ್ದು, ನಾಯಿ ಮರಿ ಹಾಕಿದ್ದು, ಏನಾದರೂ ಸರಿ. ಅದರಿಂದ ಮೂರು ಮಾತು ಆರಿಸಿ. ಪ್ರತಿ ಮಾತಿಗೆ ನೀವು ಕನ್ನಡದಲ್ಲೇ ಕೇಳಿ: ಯಾರು? ಏನು ಮಾಡಿದರು? ಉತ್ತರವನ್ನು ಅದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬಾಯಲ್ಲಿ ಹೇಳಲಿ. ‘ದಿ ವ್ಯಾನ್ ಸ್ಟಾಪ್ಡ್.’ ಆಮೇಲೆ ಎಲ್ಲಿ, ಯಾವಾಗ ಎಂದು ಕೇಳಿ ಸೇರಿಸಿ. ‘ದಿ ವ್ಯಾನ್ ಸ್ಟಾಪ್ಡ್ ನಿಯರ್ ದಿ ಬ್ರಿಡ್ಜ್.’ ಬಾಯಲ್ಲಿ ಬಂದ ಮೇಲೆ ಬರೆಯಲಿ. ಬರೆದದ್ದನ್ನು ಜೋರಾಗಿ ಓದಲಿ. ಎಷ್ಟೋ ತಪ್ಪನ್ನು ಮಕ್ಕಳ ಕಿವಿಯೇ ಹಿಡಿಯುತ್ತದೆ. ದಿನಕ್ಕೆ ಮೂರು ಸ್ವಂತ ವಾಕ್ಯ ಕಡಿಮೆ ಅನಿಸಬಹುದು. ಈಗ ವಾರಕ್ಕೆ ಎಷ್ಟು ಬರೆಯುತ್ತಿದ್ದಾಳೆ ಎಂದು ಅವಳ ಪುಸ್ತಕ ತೆರೆದು ನೋಡಿ.

ಮೂರು ಸಣ್ಣ ವಾಕ್ಯ ಸಲೀಸಾದ ಮೇಲೆ ಎರಡನ್ನು ಒಂದು ಮಾಡುವ ಆಟ ಆಡಿಸಿ. ‘ವಿ ಹ್ಯಾವ್ ಎ ಡಾಗ್. ದಿ ಡಾಗ್ ಈಸ್ ಬ್ಲ್ಯಾಕ್.’ ಇದು ‘ವಿ ಹ್ಯಾವ್ ಎ ಬ್ಲ್ಯಾಕ್ ಡಾಗ್’ ಆಗುತ್ತದೆ. ಮುಂದೆ ಬಿಕಾಸ್, ಬಟ್, ವೆನ್ ಹಾಕಿ ಜೋಡಿಸಲಿ. ಅಮೆರಿಕದ ಶಿಕ್ಷಣ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ 4ರಿಂದ 12ನೇ ತರಗತಿವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೀಗೆ ವಾಕ್ಯ ಜೋಡಿಸುವ ಅಭ್ಯಾಸದಿಂದ ಬರವಣಿಗೆ ಸುಧಾರಿಸಿದ್ದು ಕಂಡಿತು. ಬರೀ ವ್ಯಾಕರಣ ಪಾಠವನ್ನು ಬೇರೆಯಾಗಿ ಕಲಿಸಿದ್ದರಿಂದ ಆ ಲಾಭ ಕಾಣಲಿಲ್ಲ. ಅಲ್ಲಿನ ಮಕ್ಕಳಿಗೂ ನಮ್ಮ ಮಕ್ಕಳಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೂ ಟೆನ್ಸ್ ಟೇಬಲ್ ತಡೆಯಿಲ್ಲದೆ ಒಪ್ಪಿಸುವ ಮಕ್ಕಳು ‘ಡಿಡ್ ನಾಟ್ ವೆಂಟ್’ ಬರೆಯುವುದನ್ನು ನಾನು ಇಲ್ಲೂ ನೋಡುತ್ತಲೇ ಇದ್ದೇನೆ.

ಈ ಕಾಲು ಗಂಟೆಗೂ ಒಂದು ಅಪಾಯ ಇದೆ. ಅದು ಇನ್ನೊಂದು ಟ್ಯೂಷನ್ ಆಗಿಬಿಡಬಹುದು. ವ್ಯಾನಿನಲ್ಲಿ ಬಂದು ಸುಸ್ತಾದ ಮಗುವನ್ನು ಬಟ್ಟೆ ಬದಲಿಸುವ ಮೊದಲೇ ಕೂರಿಸಬೇಡಿ. ಅಳು ಬಂದರೆ ಅವತ್ತಿಗೆ ನಿಲ್ಲಿಸಿ. ಮತ್ತೆ, ಎಲ್ಲವನ್ನೂ ತಿದ್ದಲು ಹೋಗಬೇಡಿ. ಈ ವಾರ ‘ಯಾರು’ ಬಿಟ್ಟುಹೋಗಿದ್ದನ್ನು ಮಾತ್ರ ನೋಡಿ, ಮುಂದಿನ ವಾರ ‘ಈಸ್’. ಉಳಿದ ತಪ್ಪು ಇರಲಿ ಬಿಡಿ. ಪುಟದ ತುಂಬಾ ಕೆಂಪು ಕಂಡ ಮಗು ಮುಂದಿನ ಸಲ ಕಡಿಮೆ ಬರೆಯುತ್ತದೆ. ತನಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಬರೆಯುತ್ತದೆ. ತಪ್ಪು ಕಡಿಮೆಯಾಯಿತು ಎಂದು ನಾವು ಖುಷಿ ಪಡುತ್ತೇವೆ, ಅಷ್ಟರಲ್ಲಿ ಕಲಿಕೆ ನಿಂತಿರುತ್ತದೆ. ಕ್ಲಾಸ್ ಟೀಚರ್ ಹತ್ತಿರವೂ ಇದನ್ನೇ ಮಾತಾಡಿ. ಒಂದು ಪುಟದಲ್ಲಿ ಒಂದೇ ಬಗೆಯ ತಪ್ಪಿಗೆ ಗುರುತು ಹಾಕಿ ಎಂದು ಮನವಿ ಮಾಡಿದರೆ ಅವರ ಕೆಲಸವೂ ಹಗುರ ಆಗುತ್ತದೆ. ದೂರಿನ ಹಾಗೆ ಕೇಳಬೇಡಿ.

ಟ್ಯೂಷನ್ ಬಿಡಿಸಿ ಎಂದು ನಾನು ಹೇಳುವುದಿಲ್ಲ. ಅವರನ್ನು ಒಂದು ಪ್ರಶ್ನೆ ಕೇಳಿ: ಒಂದು ಗಂಟೆಯಲ್ಲಿ ನನ್ನ ಮಗಳು ತಾನೇ ಯೋಚಿಸಿ ಎಷ್ಟು ವಾಕ್ಯ ಬರೆಯುತ್ತಾಳೆ? ಒಂದೂ ಇಲ್ಲ ಎಂದಾದರೆ ಅದು ಶಾಲೆಯ ನೋಟ್ಸಿನ ಎರಡನೇ ಪ್ರತಿ. ಆ ದುಡ್ಡು ಕಥೆ ಪುಸ್ತಕಕ್ಕೆ ಹೋದರೆ ಮೇಲು. ಫೋನಿನ ಆ್ಯಪ್‌ಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಎಚ್ಚರಿಸುತ್ತೇನೆ. ಅರ್ಧ ಬರೆದರೆ ಪೂರ್ತಿ ಮಾಡಿಕೊಡುವ, ತಪ್ಪನ್ನು ತಾನೇ ಸರಿಮಾಡುವ ಆ್ಯಪ್ ಈ ವಯಸ್ಸಿಗೆ ಬೇಡ. ಯಾವ ಕೆಲಸ ಮಗು ಕಲಿಯಬೇಕೋ ಅದನ್ನೇ ಅದು ಮಾಡಿ ಮುಗಿಸುತ್ತದೆ. ಒಂದು ಪದ ಹೇಗೆ ಉಚ್ಚರಿಸುತ್ತಾರೆ ಎಂದು ಕೇಳಿಸಿಕೊಳ್ಳಲು ಬಳಸಿ, ತೊಂದರೆ ಇಲ್ಲ.

ಶಾಲೆ ಬದಲಿಸುವುದು ಈ ಒಂದು ಕಾರಣಕ್ಕೆ ಬೇಡ. ಇದಕ್ಕಿಂತ ದುಬಾರಿ ಶಾಲೆಯಲ್ಲೂ ಬೋರ್ಡಿನಿಂದ ಇಳಿಸಿಕೊಳ್ಳುವ ಪದ್ಧತಿ ಇರಬಹುದು. ಫೀಸು ಜಾಸ್ತಿ, ಗೆಳತಿಯರು ಹೊಸಬರು, ಸಮಸ್ಯೆ ಹಳೆಯದು ಎಂದಾದರೆ ಏನು ಮಾಡುತ್ತೀರಿ? ಕನ್ನಡ ಮೀಡಿಯಂಗೆ ಹಾಕೋಣವಾ ಎಂದು ಕೆಲವು ತಾಯಂದಿರು ಕೇಳುತ್ತಾರೆ. ಅಲ್ಲಿ ಇಂಗ್ಲಿಷ್ ಇಲ್ಲ ಎಂಬ ಹೆದರಿಕೆ ಬೇಡ, 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಕಲಿಸುತ್ತಾರೆ. ಆದರೆ ಐದನೇ ಕ್ಲಾಸಿನ ನಡುವೆ ಗಣಿತ, ವಿಜ್ಞಾನದ ಪದಗಳೆಲ್ಲ ಬದಲಾಗುತ್ತವೆ, ಅದು ಇನ್ನೊಂದು ಭಾರ. ಬೇರೆ ವಿಷಯಗಳೂ ಅರ್ಥವಾಗದೆ ಬರೀ ಬಾಯಿಪಾಠದಲ್ಲೇ ಸಾಗುತ್ತಿದ್ದರೆ ಮಾತ್ರ ಆ ದಾರಿಯನ್ನು ಯೋಚಿಸಿ.

ಒಂದು ವಿಷಯ ಮಾತ್ರ ಪರೀಕ್ಷಿಸಿ ನೋಡಿ. ಕನ್ನಡದಲ್ಲೂ ಅವಳು ಬರೆಯುವಾಗ ಅಕ್ಷರ ಬಿಡುತ್ತಾಳಾ, ಅದಲುಬದಲು ಮಾಡುತ್ತಾಳಾ, ಎರಡೂ ಭಾಷೆಯಲ್ಲಿ ತಡವರಿಸಿ ಓದುತ್ತಾಳಾ, ನಡೆದದ್ದನ್ನು ಕ್ರಮವಾಗಿ ಹೇಳಲು ಕಷ್ಟಪಡುತ್ತಾಳಾ? ನಿಮ್ಮ ಪತ್ರ ನೋಡಿದರೆ ಹಾಗೆ ಅನಿಸುವುದಿಲ್ಲ, ಸ್ಪೆಲ್ಲಿಂಗ್ ಚೆನ್ನಾಗಿದೆ ಎಂದಿದ್ದೀರಿ. ಹಾಗೇನಾದರೂ ಇದ್ದರೆ ಅದು ವಾಕ್ಯರಚನೆಯ ವಿಷಯ ಅಲ್ಲ. ಮೊದಲು ಕಣ್ಣು, ಕಿವಿ ತೋರಿಸಿ. ಕಲಿಕೆಯ ತೊಂದರೆ ಇದೆಯಾ ಎಂದು ತಿಳಿಯಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಮಾಡುತ್ತಾರೆ. ಹಾಸನದಿಂದ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟೇ ದೂರ.

ಇನ್ನು ನಿಮ್ಮ ತಪ್ಪು ಅವಳಿಗೆ ಅಂಟುವ ಪ್ರಶ್ನೆ. ನೀವು ಇಂಗ್ಲಿಷ್ ವಾಕ್ಯ ಹೇಳಿಕೊಡಬೇಕು ಎಂದು ನಾನು ಎಲ್ಲೂ ಕೇಳಿಲ್ಲ. ನೀವು ಕೇಳುವ ಪ್ರಶ್ನೆಗಳೆಲ್ಲ ಕನ್ನಡದಲ್ಲಿ. ಸರಿಯೋ ತಪ್ಪೋ ಎಂದು ನಿಮಗೂ ಗೊತ್ತಾಗದ ವಾಕ್ಯಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಗುರುತು ಹಾಕಿ, ಶನಿವಾರ ಅಂಥ ಎರಡು ಮೂರು ವಾಕ್ಯಗಳನ್ನು ಟೀಚರಿಗೆ ಅವಳೇ ತೋರಿಸಲಿ. ಅವಳು ಬರೆಯುವಾಗ ಪಕ್ಕದಲ್ಲಿ ಕೂತು ನೀವೂ ಮೂರು ವಾಕ್ಯ ಬರೆಯಬಹುದು, ಅವಳು ನಿಮ್ಮದನ್ನು ತಿದ್ದಲಿ. ‘ಯಾರು’ ಎಲ್ಲಿ ಎಂದು ನಿಮ್ಮ ವಾಕ್ಯದಲ್ಲಿ ಹುಡುಕುವ ಮಗು ತನ್ನದರಲ್ಲೂ ಹುಡುಕಲು ಶುರು ಮಾಡುತ್ತದೆ. ದಸರಾ ರಜೆಯವರೆಗೆ ಹೀಗೆ ನಡೆಸಿ. ಆ ರಜೆಯ ಬಗ್ಗೆ ಅವಳು ಬರೆದದ್ದನ್ನು ಈ ಬೇಸಿಗೆಯ ಪುಟದ ಪಕ್ಕ ಇಟ್ಟು ನೋಡಿ. ಸ್ವಂತ ವಾಕ್ಯಗಳು ಹೆಚ್ಚಾಗಿದ್ದು, ಪ್ರತಿಯೊಂದರಲ್ಲೂ ಯಾರು, ಏನು ಮಾಡಿದರು ಎಂಬುದು ಕಂಡರೆ ಇದೇ ದಾರಿಯಲ್ಲಿ ಮುಂದುವರಿಯಿರಿ. ಏನೂ ಬದಲಾಗದಿದ್ದರೆ ಎರಡೂ ಪುಟಗಳನ್ನು ಕಳುಹಿಸಿ, ನೋಡುತ್ತೇನೆ.